ಅನುಭವಗಳನ್ನು ಕೌಶಲಗಳಾಗಿ ವಿಂಗಡಿಸಿ ನೋಡುವುದು: ಗಡಿನಾಡಿನ ಓದುಗರಿಗೊಂದು ಸಮಗ್ರ ಮಾರ್ಗದರ್ಶಿ

ಹನ್ನೆರಡನೆಯ ತರಗತಿ ಮುಗಿಸಿ ಮುಂದಿನ ಓದಿಗೆ ಅರ್ಜಿ ತುಂಬುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ‘ನಿಮ್ಮಲ್ಲಿರುವ ಕೌಶಲಗಳು’ ಎಂಬ ಕಾಲಮಿನ ಮುಂದೆ ಅರ್ಧ ಗಂಟೆ ಕುಳಿತು, ಕೊನೆಗೆ ಅಲ್ಲೊಂದು ಅಡ್ಡಗೆರೆ ಎಳೆದು ನನಗೆ ತಂದುಕೊಟ್ಟಳು. “ಎಂತ ಬರೆಯುದು ಟೀಚರ್? ನನಗೆ ಎಂತದೂ ಬರುದಿಲ್ಲ” ಎಂದಳು. ಆ ಹುಡುಗಿ ಎಂಟನೆಯ ತರಗತಿಯಿಂದಲೂ ತಿಂಗಳಿಗೊಮ್ಮೆ ಅಜ್ಜನನ್ನು ಬದಿಯಡ್ಕದ ಕಡೆಯಿಂದ ಬಸ್ಸು ಬದಲಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವಳು. ಡಾಕ್ಟರರೊಡನೆ ಕನ್ನಡದಲ್ಲಿ, ನರ್ಸಿನೊಡನೆ ಮಲಯಾಳದಲ್ಲಿ, ಅಜ್ಜನೊಡನೆ ತುಳುವಿನಲ್ಲಿ ಮಾತನಾಡಿ, ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂಬುದನ್ನು ಮನೆಯ ಗೋಡೆಗೆ ಬರೆದು ಅಂಟಿಸಿದವಳೂ ಅವಳೇ. ಇಷ್ಟೆಲ್ಲ ಮಾಡಿದವಳು ತನಗೆ ಏನೂ ಬರುವುದಿಲ್ಲವೆಂದು ನಂಬಿದ್ದಳು, ಮತ್ತು ಆ ಮಾತನ್ನು ವಿನಯಕ್ಕಾಗಿ ಹೇಳಿರಲಿಲ್ಲ.

ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತಿರುವ ನಾನು ಅಂದಿನಿಂದ ಈ ಕೆಲಸವನ್ನು ಮಕ್ಕಳೊಂದಿಗೂ, ಊರಿನ ಕುಟುಂಬಶ್ರೀ ಅಯಲ್‌ಕೂಟದ (ಕೇರಳ ಸರಕಾರದ ಯೋಜನೆಯಡಿಯ ನೆರೆಹೊರೆ ಮಹಿಳಾ ಗುಂಪಿನ) ಹೆಂಗಸರೊಂದಿಗೂ, ಒಮ್ಮೆ ನನ್ನೊಬ್ಬಳಿಗಾಗಿಯೂ ಮಾಡಿದ್ದೇನೆ. ಅದರಿಂದ ಮನದಟ್ಟಾದ ಒಂದು ವಿಷಯವನ್ನು ಆಧಾರವಾಗಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ: ಕೌಶಲಗಳ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ‘ಇದು ನನ್ನಲ್ಲಿದೆಯೇ’ ಎಂದು ಹುಡುಕಹೊರಟವರಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ನಡೆದದ್ದನ್ನು ನಡೆದ ಹಾಗೆಯೇ ಮೊದಲು ಬರೆದುಕೊಂಡವರಿಗೆ ಕೌಶಲದ ಹೆಸರು ಅದರೊಳಗಿನಿಂದಲೇ ಸಿಗುತ್ತದೆ. ಆದ್ದರಿಂದ ಇಲ್ಲಿನ ಹೆಜ್ಜೆಗಳಲ್ಲಿ ಹೆಸರಿಡುವ ಕೆಲಸ ತೀರ ತಡವಾಗಿ ಬರುತ್ತದೆ. ದಯವಿಟ್ಟು ಈ ಕ್ರಮವನ್ನು ಬದಲಿಸಬೇಡಿ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳನ್ನು ಅಂಗೈಯಗಲಕ್ಕೆ ಕತ್ತರಿಸಿದರೆ ಅವುಗಳ ಖಾಲಿ ಮಗ್ಗುಲು ಬರೆಯಲು ಸಾಕು. ದಪ್ಪ ಕಾಗದವಾದ್ದರಿಂದ ಫ್ಯಾನಿನ ಗಾಳಿಗೆ ಹಾರುವುದೂ ಇಲ್ಲ. ಅಂಥ ಅರುವತ್ತು ಚೀಟಿಗಳು, ಒಂದು ಪೆನ್ನು, ಕೆಲವು ರಬ್ಬರ್ ಬ್ಯಾಂಡುಗಳು, ಚೀಟಿಗಳನ್ನು ಹರಡಿ ಕೂರಬಹುದಾದಷ್ಟು ನೆಲ ಇಷ್ಟಿದ್ದರೆ ಆಯಿತು. ಕೆಲಸವನ್ನು ಮೂರು ಸಲಕ್ಕೆ ಹಂಚಿಕೊಳ್ಳಿ: ಒಂದು ದಿನ ಬರೆಯುವುದು, ಕೆಲವು ದಿನ ಬಿಟ್ಟು ವಿಂಗಡಿಸುವುದು, ಆಮೇಲೊಮ್ಮೆ ಹೆಸರಿಟ್ಟು ತೂಗಿ ನೋಡುವುದು. ಫೋನಿನಲ್ಲಿ ಬರೆದುಕೊಂಡರಾಗದೇ ಎಂದು ಮಕ್ಕಳು ಕೇಳುತ್ತಾರೆ. ಬರೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ವಿಂಗಡಿಸುವ ದಿನ ಎಲ್ಲ ಚೀಟಿಗಳೂ ಒಂದೇ ನೋಟಕ್ಕೆ ಕಾಣಬೇಕಾಗುತ್ತದೆ. ಸಣ್ಣ ಪರದೆಯಲ್ಲಿ ಅದು ಸಾಧ್ಯವಾಗುವುದಿಲ್ಲ.

ಮೊದಲ ಹೆಜ್ಜೆ: ನೆನಪುಗಳನ್ನು ಹೊರತೆಗೆಯುವುದು

‘ನನ್ನ ಜೀವನದ ಮುಖ್ಯ ಅನುಭವಗಳು’ ಎಂದು ಯೋಚಿಸತೊಡಗಿದರೆ ಬಹುಮಾನ, ಪರೀಕ್ಷೆ, ಸಾವು, ಮದುವೆ ಇವಿಷ್ಟೇ ನೆನಪಾಗುತ್ತವೆ. ಕೌಶಲಗಳು ಹೆಚ್ಚಾಗಿ ಇರುವುದು ಮುಖ್ಯವೆನಿಸದ ದಿನಗಳಲ್ಲಿ. ಆ ದಿನಗಳನ್ನು ನೆನಪಿಗೆ ತರಲು ನಾನು ಮೂರು ದಾರಿಗಳನ್ನು ಬಳಸುತ್ತೇನೆ.

ಮೊದಲನೆಯದು ವರ್ಷದ ಸುತ್ತು. ನಮ್ಮ ಕಡೆಯ ವರ್ಷಕ್ಕೆ ತನ್ನದೇ ಆದ ಗುರುತುಗಳಿವೆ. ಜೂನಿನಲ್ಲಿ ಶಾಲೆ ತೆರೆಯುವುದು, ತುಳು ತಿಂಗಳಾದ ಆಟಿಯ (ಜುಲೈ–ಆಗಸ್ಟ್) ಮಳೆಯ ನಡುವೆ ಬಿಸಿಲು ಕಂಡ ದಿನ ಅಡಿಕೆಗೆ ರೋಗ ಬಾರದಂತೆ ಮದ್ದು ಬಿಡುವುದು, ಅದರ ಮರುತಿಂಗಳಾದ ಸೋಣದ ಪೂಜೆಗಳು, ದೀಪಾವಳಿ, ಅಡಿಕೆ ಕೊಯ್ಲು ಮತ್ತು ಅಂಗಳದಲ್ಲಿ ಒಣಗಿಸುವುದು, ಜಾತ್ರೆ, ದೈವಗಳ ನೇಮ, ಬಯಲಾಟ, ಮೇ ತಿಂಗಳ ಕೊನೆಯ ವಾರದಲ್ಲಿ ಬಂದು ಇವುಗಳ ಕಾಲವನ್ನು ಮುಗಿಸುವ ಪತ್ತನಾಜೆ, ಅದರೊಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದು. ಒಂದೊಂದು ಗುರುತಿನ ಬಳಿಯೂ ನಿಂತು, ‘ಆಗ ನನ್ನ ಕೈಯಲ್ಲಿ ಏನಿತ್ತು, ನಾನು ಎಲ್ಲಿ ನಿಂತಿದ್ದೆ’ ಎಂದು ಕೇಳಿಕೊಳ್ಳಿ. ಜಾತ್ರೆಯ ಅನ್ನಸಂತರ್ಪಣೆಯಲ್ಲಿ ಸಾರಿನ ಬಕೆಟು ಹಿಡಿದಿದ್ದಿರೋ, ಚಪ್ಪಲಿ ಕಾಯುತ್ತಿದ್ದಿರೋ, ರಶೀದಿ ಬರೆಯುತ್ತಿದ್ದಿರೋ ಎಂಬುದು ಕಣ್ಣಿಗೆ ಕಟ್ಟಿದ ಕೂಡಲೇ ಒಂದು ಚೀಟಿಯಲ್ಲಿ ನಾಲ್ಕು ಪದ ಗುರುತು ಹಾಕಿಕೊಂಡು ಮುಂದೆ ಹೋಗಿ. ಪೂರ್ತಿ ಬರೆಯುವುದು ಆಮೇಲೆ.

ಎರಡನೆಯದು ಜನ. ನಿಮ್ಮನ್ನು ಯಾರು ಯಾವ ಕೆಲಸಕ್ಕೆ ಕರೆಯುತ್ತಾರೆ? ಪಕ್ಕದ ಮನೆಯ ಅತ್ತೆ ಕರೆಂಟ್ ಬಿಲ್ ಕಟ್ಟಲು ಫೋನು ಹಿಡಿದುಕೊಂಡು ಬರುವುದು ನಿಮ್ಮಲ್ಲಿಗೇ ಏಕೆ? ಅಣ್ಣ–ತಮ್ಮಂದಿರ ನಡುವೆ ಮಾತು ನಿಂತಾಗ ಮನೆಯವರು ಯಾರನ್ನು ಮುಂದೆ ಬಿಡುತ್ತಾರೆ? ನಾವು ನಮ್ಮಲ್ಲಿ ಕಾಣದ ಸಾಮರ್ಥ್ಯವನ್ನು ಊರು ಎಂದೋ ಕಂಡುಕೊಂಡು ಬಳಸುತ್ತಿರುತ್ತದೆ, ಆದ್ದರಿಂದ ಈ ದಾರಿ ಮೂರರಲ್ಲಿ ಹೆಚ್ಚು ಫಲ ಕೊಡುವಂಥದ್ದೆಂದು ನನ್ನ ಅಭಿಪ್ರಾಯ.

ಮೂರನೆಯದು ಕೆಟ್ಟುಹೋದ ದಿನಗಳು: ಬಸ್ಸು ತಪ್ಪಿದ್ದು, ಲೆಕ್ಕ ತಾಳೆಯಾಗದ್ದು, ಅತಿಥಿಗಳು ಎಣಿಸಿದ್ದಕ್ಕಿಂತ ಹೆಚ್ಚು ಬಂದದ್ದು. ಇವುಗಳನ್ನೂ ಬಿಡದೆ ಗುರುತು ಹಾಕಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಎಲ್ಲ ನೆನಪೂ ಚೀಟಿಯಾಗಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ನೇ ಇಸವಿಯ ಕೊನೆಗೆ ನಿಂತರೂ ಅದರ ನೋವು ನಿಲ್ಲದ ಮನೆಗಳು ನಮ್ಮ ಪಂಚಾಯತುಗಳಲ್ಲಿವೆ, ಮತ್ತು ಅಂಥ ಮನೆಯಲ್ಲಿ ತಂಗಿಯನ್ನೋ ಮಗನನ್ನೋ ವರ್ಷಗಟ್ಟಲೆ ಎತ್ತಿ ಆಡಿಸಿ, ಉಣಿಸಿ, ಮೀಯಿಸಿ ನೋಡಿಕೊಂಡವರ ಕೈಯಲ್ಲಿರುವ ಅರಿವು ದೊಡ್ಡದು. ಅವರು ಅದನ್ನು ಬರೆಯಬಯಸಿದರೆ ಆ ಚೀಟಿಗೆ ಗೌರವದ ಜಾಗವಿರಲಿ. ಬರೆಯಲು ಮನಸ್ಸಿಲ್ಲದವರನ್ನು ‘ಅದೂ ಒಂದು ಕೌಶಲವೇ’ ಎಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ.

ಎರಡನೆಯ ಹೆಜ್ಜೆ: ಒಂದು ಚೀಟಿ, ಒಂದು ಘಟನೆ

ಈ ಹೆಜ್ಜೆಯಲ್ಲಿ ಸಡಿಲ ಬಿಟ್ಟರೆ ಮುಂದಿನದೆಲ್ಲ ವ್ಯರ್ಥವಾಗುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಪೈಲಟ್ ತರಬೇತಿಯಿಂದ ಹೊರಹಾಕಲ್ಪಟ್ಟವರ ಬಗ್ಗೆ ತರಬೇತುದಾರರು ‘ವಿವೇಚನೆ ಸಾಲದು’, ‘ಹಾರಾಟ ಇವನಿಗೆ ಒಗ್ಗಿದ್ದಲ್ಲ’ ಎಂಬಂಥ ಷರಾ ಬರೆಯುತ್ತಿದ್ದರು. ಇಂಥ ಮಾತುಗಳಿಂದ ಯಾರಿಗೂ ಏನನ್ನೂ ಕಲಿಸಲಾಗದು ಎಂದು ಕಂಡುಕೊಂಡ ಜಾನ್ ಫ್ಲ್ಯಾನಗನ್ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು, ಅಭಿಪ್ರಾಯವನ್ನು ಬದಿಗಿಟ್ಟು ನಡೆದ ಘಟನೆಯನ್ನು ಕೇಳುವ ಕ್ರಮವನ್ನು ಬೆಳೆಸಿದರು: ಆ ಹೊತ್ತಿನಲ್ಲಿ ಪರಿಸ್ಥಿತಿ ಏನಿತ್ತು, ಆತ ಏನು ಮಾಡಿದ, ಅದರಿಂದ ಏನಾಯಿತು. 1954ರಲ್ಲಿ ಫ್ಲ್ಯಾನಗನ್ ಈ ವಿಧಾನವನ್ನು ವಿವರಿಸಿ ಲೇಖನ ಪ್ರಕಟಿಸಿದರು. ನಮ್ಮ ಚೀಟಿಗೂ ಬೇಕಾದದ್ದು ಈ ಮೂರು ಪ್ರಶ್ನೆಗಳ ಉತ್ತರವೇ.

ಪೆರ್ಲದ ಕಡೆಯ ಒಬ್ಬ ಹುಡುಗ ತನ್ನ ಚೀಟಿಯಲ್ಲಿ ಮೊದಲು ಬರೆದದ್ದು ಒಂದೇ ಸಾಲು: “ಅಪ್ಪನಿಗೆ ತೋಟದಲ್ಲಿ ಸಹಾಯ ಮಾಡಿದೆ.” ಈ ಸಾಲನ್ನು ಯಾವ ಗುಂಪಿಗೂ ಸೇರಿಸಲಾಗದು, ಏಕೆಂದರೆ ಇದರಲ್ಲಿ ಘಟನೆಯೇ ಇಲ್ಲ. ಯಾವ ದಿನ, ಏನಾಗಿತ್ತು, ನಿನ್ನ ಕೈ ಏನು ಮಾಡಿತು ಎಂದು ಕೇಳುತ್ತ ಹೋದ ಮೇಲೆ ಅವನು ಬರೆದ ಎರಡನೆಯ ಚೀಟಿ ಹೀಗಿತ್ತು:

“ಎರಡು ವರ್ಷದ ಹಿಂದಿನ ಆಟಿ. ಅಪ್ಪನಿಗೆ ಜ್ವರ. ಮದ್ದು ಬಿಡುವವರು ಬೆಳಗ್ಗೆ ಏಳಕ್ಕೆ ಬಂದರು. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಕರಗಿಸಿದೆ. ಇನ್ನೊಂದರಲ್ಲಿ 50 ಲೀಟರ್ ನೀರಿಗೆ 1 ಕಿಲೋ ಸುಣ್ಣ ಕಲಸಿ ಸೋಸಿದೆ. ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕಿದೆ. ಉಜ್ಜಿ ಹೊಳೆಯಿಸಿದ ಚೂರಿ ಅದ್ದಿ ನೋಡಿದೆ, ಅಲಗಿನ ಮೇಲೆ ಕೆಂಪು ಕೂತಿತು. ಸುಣ್ಣದ ನೀರು ಇನ್ನಷ್ಟು ಸೇರಿಸಿ ಮತ್ತೆ ಅದ್ದಿದೆ, ಕೆಂಪು ಹಿಡಿಯಲಿಲ್ಲ. ಆಮೇಲೆ ಬಿಡಲು ಹೇಳಿದೆ.”

ಎರಡು ಚೀಟಿಗಳ ನಡುವಿನ ಅಂತರವನ್ನು ನೋಡಿ. ‘ಸಹಾಯ’ ಎಂಬ ಒಂದು ಪದದ ಅಡಿಯಲ್ಲಿ ಅಳತೆ, ಕ್ರಮ, ಪರೀಕ್ಷೆ, ತಪ್ಪನ್ನು ಕಂಡು ಸರಿಪಡಿಸುವುದು, ಸರಿಯಾಗುವ ತನಕ ದೊಡ್ಡವರನ್ನು ಕಾಯಿಸಿ ನಿಲ್ಲಿಸುವ ಧೈರ್ಯ ಎಲ್ಲವೂ ಮುಚ್ಚಿಹೋಗಿದ್ದವು. ಅಲಗಿನ ಮೇಲಿನ ಕೆಂಪು ತುತ್ತು ಹೆಚ್ಚಾಗಿರುವುದರ ಗುರುತು, ಹಾಗೆ ತುತ್ತು ಹೆಚ್ಚಾಗಿ ಉಳಿದರೆ ಎಳೆಯ ಕಾಯಿಗಳಿಗೆ ಕೇಡಾಗುತ್ತದೆ ಎಂಬುದನ್ನು ತಿಳಿದೇ ಅವನು ಚೂರಿ ಅದ್ದಿದ್ದ.

ಚೀಟಿ ಬರೆಯುವಾಗ ನಮ್ಮ ಮಾತಿನ ಒಂದು ಅಭ್ಯಾಸವನ್ನು ಗಮನಿಸಬೇಕು. ನಾವು ‘ಕೆಲಸ ಆಯಿತು’, ‘ಊಟ ಬಡಿಸಿ ಆಯಿತು’, ‘ಹೇಗೋ ನಡೆಯಿತು’ ಎನ್ನುವವರು. ಕರ್ತೃವನ್ನು ಹಿಂದಕ್ಕೆ ಸರಿಸಿ ಹೇಳುವುದು ನಮಗೆ ಮರ್ಯಾದೆಯ ಕ್ರಮ. ಎದುರಿಗೆ ಮಾತನಾಡುವಾಗ ಅದು ಚೆಂದವೇ, ಆದರೆ ಚೀಟಿಯಲ್ಲಿ ಮಾತ್ರ ಕ್ರಿಯಾಪದಗಳು ‘ಅಳೆದೆ, ಕೇಳಿದೆ, ಬರೆದೆ, ತಡೆದೆ’ ಎಂದು ಉತ್ತಮಪುರುಷದಲ್ಲಿಯೇ ಕೊನೆಗೊಳ್ಳಲಿ. ‘ಮಾಡಿದೆವು’ ಎಂದು ಬರೆಯಲೇಬೇಕಾದಲ್ಲಿ ಅದರ ಪಕ್ಕದಲ್ಲಿ ನಿಮ್ಮ ಪಾಲಿನ ತುಂಡು ಯಾವುದೆಂದು ಬರೆಯಿರಿ. ಬೇರೆಯವರು ಮಾಡಿದ್ದನ್ನು ನಿಮ್ಮದೆಂದು ಬರೆಯಬಾರದು ಎಂಬುದನ್ನು ಹೇಳಬೇಕಾದ ಅಗತ್ಯ ನನಗೆ ಇದುವರೆಗೆ ಬಿದ್ದಿಲ್ಲ. ನಮ್ಮವರು ಜಾರುವುದೆಲ್ಲ ಇನ್ನೊಂದು ಬದಿಗೆ.

ಅರುವತ್ತರಲ್ಲಿ ಮೂವತ್ತು ಚೀಟಿ ತುಂಬಿದರೂ ಸಾಕು. ಉಳಿದದ್ದಕ್ಕೆ ಮುಂದೆ ಉಪಯೋಗವಿದೆ.

ಮೂರನೆಯ ಹೆಜ್ಜೆ: ಕ್ರಿಯಾಪದಕ್ಕೆ ಗೆರೆ

ಕೆಲವು ದಿನ ಕಳೆದ ಮೇಲೆ ಚೀಟಿಗಳನ್ನು ಮತ್ತೆ ಓದಿ, ಪ್ರತಿಯೊಂದರಲ್ಲೂ ನಿಮ್ಮ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಅನಂತರ ಆ ಕೆಲಸ ಯಾವುದರ ಮೇಲೆ ನಡೆಯಿತೆಂದು ನೋಡಿ ಚೀಟಿಯ ಮೂಲೆಯಲ್ಲಿ ಒಂದು ಅಕ್ಷರ ಹಾಕಿ. ಲೆಕ್ಕ, ಮಾಹಿತಿ, ಬರೆಹದ ಮೇಲಾದರೆ ‘ಮಾ’, ಮನುಷ್ಯರೊಂದಿಗಾದರೆ ‘ಜ’, ಉಪಕರಣ, ಮಣ್ಣು, ಮರ, ಪಾತ್ರೆಗಳ ಮೇಲಾದರೆ ‘ವ’. ಕೆಲಸಗಳನ್ನು ಮಾಹಿತಿ, ಜನ, ವಸ್ತು ಎಂಬ ಮೂರು ಸಂಬಂಧಗಳಲ್ಲಿ ಅಳೆಯುವ ಈ ಕ್ರಮ ಸಿಡ್ನಿ ಫೈನ್ ಎಂಬ ಅಮೆರಿಕದ ಸಂಶೋಧಕರದು. 1965ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಹೊರತಂದ ಉದ್ಯೋಗಗಳ ಕೋಶದಲ್ಲಿ ಇದನ್ನು ಬಳಸಲಾಯಿತು. ಒಂದೇ ಚೀಟಿಗೆ ಎರಡು ಅಕ್ಷರ ಬಂದರೂ ಬರಲಿ. ಮದ್ದಿನ ಚೀಟಿಗೆ ನಾವು ಹಾಕಿದ್ದು ‘ವ’ ಮತ್ತು ‘ಮಾ’. ಕೊನೆಯ ಸಾಲಿಗಾಗಿ ‘ಜ’ ಕೂಡ ಬೇಕೆಂದು ಹುಡುಗ ಹಟ ಹಿಡಿದ, ಮತ್ತು ಅವನು ಹೇಳಿದ್ದೇ ಸರಿ.

ನಾಲ್ಕನೆಯ ಹೆಜ್ಜೆ: ನೆಲದ ಮೇಲೆ ಹರಡುವುದು

ಸುಲಿದ ಅಡಿಕೆಯನ್ನು ಚಾವಡಿಯಲ್ಲಿ ಹರಡಿ ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು ಎಂಬ ದರ್ಜೆಗಳಾಗಿ ಬೇರೆ ಮಾಡುವವರನ್ನು ನೀವು ನೋಡಿರುತ್ತೀರಿ. ಅನುಭವಿಗಳು ಒಂದೊಂದನ್ನೂ ಎತ್ತಿ ಹಿಡಿದು ಯೋಚಿಸುತ್ತ ಕೂರುವುದಿಲ್ಲ. ಬಣ್ಣ ಮತ್ತು ಬಿರುಕು ಕಣ್ಣಿಗೆ ಬಿದ್ದೊಡನೆ ಕೈ ತಾನಾಗಿ ಒಂದು ರಾಶಿಯ ಕಡೆ ಹೋಗುತ್ತದೆ. ನಮ್ಮ ಕೆಲಸವೂ ಹಾಗೆಯೇ ನಡೆಯಬೇಕು, ಆದರೆ ಒಂದು ವ್ಯತ್ಯಾಸವಿದೆ: ಅಡಿಕೆಗೆ ದರ್ಜೆಯ ಹೆಸರುಗಳನ್ನು ಮಾರುಕಟ್ಟೆ ಮೊದಲೇ ಇಟ್ಟಿದೆ, ನಮ್ಮ ಚೀಟಿಗಳಿಗೆ ಯಾರೂ ಇಟ್ಟಿಲ್ಲ. ಆದ್ದರಿಂದ ಮೊದಲು ರಾಶಿ, ಹೆಸರು ಆಮೇಲೆ.

ಎಲ್ಲ ಚೀಟಿಗಳನ್ನೂ ಬರೆದ ಮುಖ ಮೇಲಾಗಿ ನೆಲದಲ್ಲಿ ಹರಡಿ. ಒಂದನ್ನು ಎತ್ತಿಕೊಂಡು, ಇದರ ಜೊತೆ ಕೂರಬೇಕೆನಿಸುವ ಇನ್ನೊಂದು ಯಾವುದೆಂದು ನೋಡಿ ಹತ್ತಿರ ಇಡಿ. ಕಾರಣವನ್ನು ಆಗಲೇ ಹೇಳಲು ಬರಬೇಕೆಂದಿಲ್ಲ. ಜಪಾನಿನ ಮಾನವಶಾಸ್ತ್ರಜ್ಞ ಕವಾಕಿತ ಜಿರೊ ತಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳ ರಾಶಿಯಿಂದ ಅರ್ಥ ಹೊರಡಿಸಲು ರೂಪಿಸಿದ, 1960ರ ದಶಕದಲ್ಲಿ ಅವರ ಹೆಸರಿನ ಮೊದಲಕ್ಷರಗಳಿಂದ ‘ಕೆಜೆ ವಿಧಾನ’ ಎಂದು ಹೆಸರಾದ ಕ್ರಮದ ತಿರುಳು ಇದೇ: ಮೊದಲೇ ಮಾಡಿಟ್ಟ ಪೆಟ್ಟಿಗೆಗಳಿಗೆ ಟಿಪ್ಪಣಿಗಳನ್ನು ತುಂಬಬಾರದು, ಟಿಪ್ಪಣಿಗಳೇ ತಮ್ಮ ನೆರೆಹೊರೆಯನ್ನು ಹುಡುಕಿಕೊಳ್ಳಲು ಬಿಡಬೇಕು.

ಮೊದಲ ಸಲ ಮಾಡುವವರು ಸಾಮಾನ್ಯವಾಗಿ ಸ್ಥಳದ ಪ್ರಕಾರ ಗುಂಪು ಮಾಡುತ್ತಾರೆ: ತೋಟದ್ದೆಲ್ಲ ಒಂದು ಕಡೆ, ಶಾಲೆಯದ್ದು ಒಂದು ಕಡೆ, ಅಡುಗೆಮನೆಯದ್ದು ಇನ್ನೊಂದು ಕಡೆ. ಹಾಗಾದರೆ ಗಾಬರಿಯಾಗಬೇಡಿ, ಒಮ್ಮೆ ನೋಡಿ ಕೆಡವಿ, ಗೆರೆ ಎಳೆದ ಕ್ರಿಯಾಪದಗಳನ್ನು ಮಾತ್ರ ನೋಡುತ್ತ ಮತ್ತೆ ಜೋಡಿಸಿ. ಈಗ ತೋಟದ ಚೀಟಿ ಅಡುಗೆಮನೆಯ ಚೀಟಿಯ ಪಕ್ಕಕ್ಕೆ ಹೋಗುತ್ತದೆ. ಮದ್ದು ಕಲಸಿದ ಹುಡುಗನ ಚೀಟಿಯ ಜೊತೆ ಬಂದು ಕೂತದ್ದು, ಅಕ್ಕನ ಸೀಮಂತಕ್ಕೆ ಪಾಯಸ ಮಾಡುವಾಗ ಬೆಲ್ಲ ಹೆಚ್ಚಾದದ್ದನ್ನು ರುಚಿ ನೋಡಿ ತೆಂಗಿನಹಾಲು ಸೇರಿಸಿ ಸರಿಮಾಡಿದ ಚೀಟಿ. ತೋಟದಲ್ಲಿ ಚೂರಿ ಹೇಳಿದ ಕೆಲಸವನ್ನು ಇಲ್ಲಿ ನಾಲಿಗೆ ಹೇಳಿತ್ತು. ಅವನಿಗೆ ಅದು ಹೊಳೆದ ಕ್ಷಣದಲ್ಲಿ ಅವನ ಮುಖ ನೋಡಿದ ನೆನಪು ನನಗೆ ಇನ್ನೂ ಇದೆ.

ಎರಡು ಗುಂಪಿಗೂ ಸಲ್ಲುವ ಚೀಟಿ ಬಂದರೆ ಖಾಲಿ ಚೀಟಿಯೊಂದರಲ್ಲಿ ಅದರ ನಕಲು ಬರೆದು ಎರಡೂ ಕಡೆ ಇಡಿ. ಯಾವ ಗುಂಪಿಗೂ ಸೇರದೆ ಒಂಟಿಯಾಗಿ ಉಳಿದ ಚೀಟಿಯನ್ನು ಒತ್ತಾಯದಿಂದ ಸೇರಿಸದೆ ಹಾಗೆಯೇ ಬಿಡಿ. ಮುಂದಿನ ವರ್ಷ ಅದಕ್ಕೆ ಜೊತೆ ಸಿಗಬಹುದು. ಗುಂಪುಗಳ ಸಂಖ್ಯೆ ಐದರಿಂದ ಒಂಬತ್ತರೊಳಗೆ ಇದ್ದರೆ ಮುಂದೆ ಓದಿ ತಿಳಿಯಲು ಅನುಕೂಲ.

ಭಾಷೆಯ ಚೀಟಿಗಳು

ಈ ಭಾಗವನ್ನು ನಮ್ಮ ಊರಿನವರಿಗಾಗಿಯೇ ಬೇರೆಯಾಗಿ ಬರೆಯುತ್ತಿದ್ದೇನೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಭಾಷೆಗಳು ಒಂದೇ ಪೇಟೆಯಲ್ಲಿ ಕೇಳಿಬರುತ್ತವೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಎಂದು ಬೆಳೆದ ನಮಗೆ ಇದು ಉಸಿರಾಟದಷ್ಟು ಸಹಜವಾಗಿರುವುದರಿಂದ ಯಾರ ಚೀಟಿಯಲ್ಲೂ ಇದು ಮೊದಲ ಸಲ ಕಾಣಿಸಿಕೊಳ್ಳುವುದಿಲ್ಲ. ಕಾಣಿಸಿಕೊಂಡರೂ ‘ನಾಲ್ಕು ಭಾಷೆ ಬರುತ್ತದೆ’ ಎಂಬ ಒಂದೇ ಸಾಲಾಗಿ ಬರುತ್ತದೆ. ಅದನ್ನು ಬಿಡಿಸಬೇಕು.

ನಮ್ಮ ಅಯಲ್‌ಕೂಟದ ಒಬ್ಬರು ಅಕ್ಕ ನೆರೆಯವರ ಅರ್ಜಿಗಳನ್ನು ತುಂಬಿಕೊಡುತ್ತಾರೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಬಹುದು. ಆದರೂ ಕೈಗೆ ಸಿಗುವ ಅರ್ಜಿ ನಮೂನೆ ಎಷ್ಟೋ ಸಲ ಮಲಯಾಳದ್ದು, ಮತ್ತು ಯಾರಾದರೊಬ್ಬರು ಅದನ್ನು ಓದಿ ಹೇಳಲೇಬೇಕು. ಆ ಅಕ್ಕನ ಒಂದು ಮಧ್ಯಾಹ್ನದ ಕೆಲಸವನ್ನು ಬಿಡಿಸಿ ಬರೆದಾಗ ಐದು ಚೀಟಿಗಳಾದವು. ಮಲಯಾಳದ ಸರಕಾರಿ ಪದವನ್ನು ಅಜ್ಜಿಗೆ ತಿಳಿಯುವ ತುಳುವಿಗೆ ಇಳಿಸಿದ್ದು ಒಂದು. ಆಧಾರ್‌ನಲ್ಲಿ ಒಂದು ರೀತಿ, ರೇಶನ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇದ್ದ ಹೆಸರಿನ ಅಕ್ಷರಗಳನ್ನು ಹೋಲಿಸಿ ವ್ಯತ್ಯಾಸ ಹಿಡಿದದ್ದು ಇನ್ನೊಂದು. ಯಾವ ದಾಖಲೆಯನ್ನು ಮೊದಲು ತಿದ್ದಿಸಬೇಕೆಂದು ಕ್ರಮ ಹಾಕಿಕೊಟ್ಟದ್ದು ಮೂರನೆಯದು. ಸರಕಾರಿ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗನಿಗೆ ಫೋನಿನಲ್ಲಿ ವಿಷಯವನ್ನು ಚುಟುಕಾಗಿ ಮಲಯಾಳದಲ್ಲಿ ವಿವರಿಸಿದ್ದು ನಾಲ್ಕನೆಯದು. ‘ನಿಮ್ಮ ತಪ್ಪಲ್ಲ ಅಜ್ಜಿ, ಬರೆದವರು ತಪ್ಪು ಬರೆದದ್ದು’ ಎಂದು ಅಳುತ್ತಿದ್ದವರನ್ನು ಸಮಾಧಾನಪಡಿಸಿದ್ದು ಐದನೆಯದು. ಈ ಐದೂ ಒಂದೇ ಗುಂಪಿಗೆ ಹೋಗುವುದಿಲ್ಲ. ಎರಡು ಮಾತ್ರ ಭಾಷೆಯವು. ಒಂದು ಸೂಕ್ಷ್ಮ ಪರಿಶೀಲನೆಯದು, ಒಂದು ಯೋಜನೆಯದು, ಒಂದು ಮನಸ್ಸನ್ನು ಅರಿಯುವುದರದು.

ಐದನೆಯ ಹೆಜ್ಜೆ: ಹೆಸರಿಡುವುದು

ಪ್ರತಿ ಗುಂಪಿಗೂ ಅದರ ಚೀಟಿಗಳಲ್ಲಿರುವ ಪದಗಳಿಂದಲೇ ಒಂದು ಹೆಸರು ಕಟ್ಟಿ. ‘ಸಂವಹನ ಕೌಶಲ’ ಎಂದು ಬರೆಯುವ ಆಸೆಯಾಗುತ್ತದೆ, ಏಕೆಂದರೆ ಅದು ಗಂಭೀರವಾಗಿ ಕೇಳಿಸುತ್ತದೆ. ಆದರೆ ಆ ಹೆಸರು ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅರ್ಥ ಕೆಡದಂತೆ ತಲುಪಿಸುವುದು’, ‘ಕೆಲಸದ ನಡುವೆ ಪರೀಕ್ಷಿಸಿ ತಿದ್ದಿಕೊಳ್ಳುವುದು’, ‘ಗಡಿಬಿಡಿಯಲ್ಲಿ ಸರದಿ ಹಾಕುವುದು’ ಇಂಥ ಹೆಸರುಗಳು ಉದ್ದವಾದರೂ ನಿಮ್ಮವು.

ನಿಮ್ಮ ಹೆಸರುಗಳು ಸಿದ್ಧವಾದ ಮೇಲೆ, ಮತ್ತು ಆಮೇಲೆ ಮಾತ್ರ, ಹೊರಗಿನ ಪಟ್ಟಿಯೊಂದರೊಡನೆ ಹೋಲಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಶಾಲಾ ಶಿಕ್ಷಣಕ್ಕಾಗಿ ಹತ್ತು ಜೀವನ ಕೌಶಲಗಳನ್ನು ಪಟ್ಟಿಮಾಡಿತು: ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಸೃಜನಶೀಲ ಚಿಂತನೆ, ವಿಮರ್ಶಾತ್ಮಕ ಚಿಂತನೆ, ಪರಿಣಾಮಕಾರಿ ಸಂವಹನ, ಪರಸ್ಪರ ಸಂಬಂಧ, ಸ್ವಅರಿವು, ಅನುಭೂತಿ, ಭಾವನೆಗಳನ್ನು ನಿಭಾಯಿಸುವುದು, ಒತ್ತಡವನ್ನು ನಿಭಾಯಿಸುವುದು. ನಿಮ್ಮ ಗುಂಪುಗಳ ಪಕ್ಕದಲ್ಲಿ ಇವುಗಳಲ್ಲಿ ಹೊಂದುವ ಹೆಸರನ್ನು ಸಣ್ಣದಾಗಿ ಬರೆದಿಟ್ಟರೆ ಅರ್ಜಿಗಳಲ್ಲಿ ಬಳಸಲು ಬರುತ್ತದೆ. ಈ ಪಟ್ಟಿ ಕೈಕೆಲಸದ ಜಾಣ್ಮೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದಲ್ಲ. ಮರದ ಮೇಲೆ ದೋಟಿ ಹಿಡಿಯುವ, ಸೋಗೆ ಹೆಣೆಯುವ, ಬೀಡಿ ಸುರುಟುವ ಕೈಗಳಿಗೆ ಅದರಲ್ಲಿ ಜಾಗ ಸಿಗದಿದ್ದರೆ ಪಟ್ಟಿಯನ್ನು ಬಿಡಿ, ಚೀಟಿಯನ್ನು ಬಿಡಬೇಡಿ.

ಆರನೆಯ ಹೆಜ್ಜೆ: ತೂಗಿ ನೋಡುವುದು

ಒಂದು ಗುಂಪಿನಲ್ಲಿ ಹೆಚ್ಚು ಚೀಟಿಗಳಿವೆ ಎಂದ ಮಾತ್ರಕ್ಕೆ ಆ ಕೌಶಲ ಗಟ್ಟಿಯಾಗಿದೆ ಎನ್ನಲಾಗದು. ಪ್ರತಿ ಚೀಟಿಗೂ ಚುಕ್ಕೆ ಹಾಕಿ: ಇನ್ನೊಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಟ್ಟಾಗ ಮಾಡಿದ್ದಾದರೆ ಒಂದು, ಒಬ್ಬರೇ ಮಾಡಿದ್ದಾದರೆ ಎರಡು, ಬೇರೆಯವರಿಗೆ ಕಲಿಸಿದ್ದರೆ ಅಥವಾ ಪರಿಸ್ಥಿತಿ ಬದಲಾದಾಗಲೂ ಹೊಂದಿಸಿಕೊಂಡು ಮಾಡಿದ್ದರೆ ಮೂರು. ಕೊನೆಯ ಸಲ ಮಾಡಿದ್ದು ಯಾವಾಗ ಎಂಬುದನ್ನೂ ಬರೆಯಿರಿ.

ಇನ್ನೊಂದು ಗುರುತು ಇದಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ. ‘ಇದನ್ನು ಮುಂದೆಯೂ ಮಾಡಲು ನನಗೆ ಇಷ್ಟವಿದೆಯೇ’ ಎಂದು ಕೇಳಿಕೊಂಡು ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಬೇರೆ ದಾರಿಯಿಲ್ಲದೆ ಕಲಿತ ಕೌಶಲಗಳು ಹಲವರಲ್ಲಿವೆ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ. ನೂರು ಜನರ ಅಡುಗೆಯನ್ನು ನಿಭಾಯಿಸಬಲ್ಲೆ ಎಂಬುದು ಸತ್ಯ, ಆದರೆ ಅದೇ ನನ್ನ ಬದುಕಾಗುವುದು ಬೇಡ ಎಂಬುದೂ ಅಷ್ಟೇ ಸತ್ಯವಾಗಿರಬಹುದು. ಈ ಎರಡನ್ನೂ ಒಂದೇ ಚೀಟಿಯ ಮೇಲೆ ಬರೆದಿಡುವುದು ಆತ್ಮಾವಲೋಕನದ ಮುಖ್ಯ ಭಾಗ.

ಕೆಟ್ಟುಹೋದ ದಿನಗಳ ಚೀಟಿಗಳನ್ನು ಇಲ್ಲಿಯೇ ತೂಗಬೇಕು. ಹಿಂದೊಮ್ಮೆ ನಾನು ನೆರೆಯವರೊಬ್ಬರ ರೇಶನ್ ಕಾರ್ಡಿನ ತಿದ್ದುಪಡಿಗೆ ಅರ್ಜಿ ಬರೆದುಕೊಡುವಾಗ ಅವರ ಮನೆಹೆಸರನ್ನು ಕಿವಿಗೆ ಕೇಳಿಸಿದಂತೆ ಬರೆದೆ. ಹಳೆಯ ದಾಖಲೆಯಲ್ಲಿ ಅದು ಬೇರೆ ಇತ್ತು. ಅರ್ಜಿ ಮೂರು ಸಲ ಹಿಂದೆ ಬಂತು, ಅಷ್ಟು ಸಲವೂ ಅವರು ಕೂಲಿ ಬಿಟ್ಟು ಓಡಾಡಿದರು. ಒಬ್ಬಳೇ ಬರೆದದ್ದಾದರೂ ತಪ್ಪಾದದ್ದರಿಂದ ಆ ಚೀಟಿಗೆ ನಾನು ಒಂದೇ ಚುಕ್ಕೆ ಹಾಕಿದ್ದೇನೆ. ಅದರ ಕೆಳಗೆ ‘ಈಗ ಏನನ್ನು ಬೇರೆ ರೀತಿ ಮಾಡುತ್ತೇನೆ’ ಎಂಬ ಸಾಲಿನಲ್ಲಿ ‘ದಾಖಲೆಯನ್ನು ಕೈಯಲ್ಲಿ ಹಿಡಿಯದೆ ಹೆಸರು ಬರೆಯುವುದಿಲ್ಲ’ ಎಂದು ಬರೆದಿದ್ದೇನೆ. ಅಂಥ ಸಾಲನ್ನು ಬರೆಯಲು ಸಾಧ್ಯವಾದ ಸೋಲಿನ ಚೀಟಿ ತನ್ನ ಗುಂಪಿನಲ್ಲಿಯೇ ಇರಲಿ. ಆ ಸಾಲು ಇನ್ನೂ ಹೊಳೆಯದಿದ್ದರೆ ಅದನ್ನು ಒಂಟಿ ಚೀಟಿಗಳ ಜೊತೆ ಇಡಿ.

ಏಳನೆಯ ಹೆಜ್ಜೆ: ಇನ್ನೊಬ್ಬರ ಕಣ್ಣು

ನಿಮ್ಮನ್ನು ಹತ್ತಿರದಿಂದ ಬಲ್ಲ ಒಬ್ಬರಿಗೆ, ಹೊಗಳುವವರಿಗಿಂತ ನೋಡುವವರಿಗೆ, ಗುಂಪುಗಳನ್ನು ತೋರಿಸಿ. ‘ಹೇಗಿದೆ’ ಎಂದು ಕೇಳಬೇಡಿ. ‘ಇಲ್ಲಿ ಯಾವ ಘಟನೆ ಬಿಟ್ಟುಹೋಗಿದೆ’ ಎಂದು ಕೇಳಿ, ಮತ್ತು ಅವರು ಹೇಳಿದ್ದನ್ನು ಖಾಲಿ ಚೀಟಿಯಲ್ಲಿ ಬರೆದುಕೊಳ್ಳಿ.

ಅರ್ಜಿ ತುಂಬಿಕೊಡುವ ಅಕ್ಕನಿಗೆ ತನ್ನ ಐದು ಚೀಟಿಗಳ ಮೇಲೆ ನಂಬಿಕೆಯೇ ಬಂದಿರಲಿಲ್ಲ. “ಇದೆಲ್ಲ ಎಲ್ಲರೂ ಮಾಡುದಲ್ವಾ ಟೀಚರ್?” ಎಂದರು. ಪಕ್ಕದಲ್ಲಿದ್ದ ಕೂಟದ ಹಿರಿಯ ಸದಸ್ಯೆ, “ಎಲ್ಲರೂ ಅಂದ್ರೆ ಯಾರು ಅಕ್ಕಾ? ಮೂರು ಹೆಸರು ಹೇಳಿ ನೋಡುವ” ಎಂದರು. ಅಕ್ಕ ಯೋಚಿಸಿ ಒಂದು ಹೆಸರು ಹೇಳಿದರು. ಎರಡನೆಯದು ಸಿಗಲಿಲ್ಲ. ಅಂದಿನಿಂದ ನಾನು ಎಲ್ಲರಿಗೂ ಈ ಪರೀಕ್ಷೆಯನ್ನೇ ಹೇಳುತ್ತೇನೆ: ‘ಎಲ್ಲರೂ ಮಾಡುತ್ತಾರೆ’ ಎನಿಸಿದ ಚೀಟಿಯ ಹಿಂದೆ ಅದನ್ನು ಮಾಡಬಲ್ಲ ಮೂವರ ಹೆಸರು ಬರೆಯಿರಿ. ಬರೆಯಲು ಬಂದರೂ ನಿಮ್ಮ ಚೀಟಿ ಚೀಟಿಯೇ. ಬಾರದಿದ್ದರೆ ಅದರ ಬೆಲೆ ನಿಮಗೇ ತಿಳಿಯುತ್ತದೆ.

ಎಂಟನೆಯ ಹೆಜ್ಜೆ: ಸಾಲುಗಳಾಗಿ ಬರೆದುಕೊಳ್ಳುವುದು

ಪ್ರತಿ ಗುಂಪಿಗೂ ಎರಡು ಮೂರು ವಾಕ್ಯಗಳ ಒಂದು ಟಿಪ್ಪಣಿ ಬರೆಯಿರಿ. ಮೊದಲ ವಾಕ್ಯದಲ್ಲಿ ಗುಂಪಿನ ಹೆಸರು, ಎರಡನೆಯದರಲ್ಲಿ ಹೆಚ್ಚು ಚುಕ್ಕೆ ಬಿದ್ದ ಚೀಟಿಯ ಘಟನೆ, ಬೇಕಿದ್ದರೆ ಮೂರನೆಯದರಲ್ಲಿ ಇನ್ನೂ ಕಲಿಯಬೇಕಾದದ್ದು. ಆಸ್ಪತ್ರೆಗೆ ಹೋಗುತ್ತಿದ್ದ ಆ ಹುಡುಗಿ ಕೊನೆಗೆ ಅಡ್ಡಗೆರೆಯ ಜಾಗದಲ್ಲಿ ಬರೆದದ್ದು ಹೀಗೆ: “ಮೂರು ಭಾಷೆಯವರ ನಡುವೆ ಔಷಧದ ವಿವರವನ್ನು ತಪ್ಪಿಲ್ಲದೆ ತಲುಪಿಸಬಲ್ಲೆ. ನಾಲ್ಕು ವರ್ಷ ಅಜ್ಜನ ಮದ್ದು, ಪರೀಕ್ಷೆಯ ವರದಿ, ಖರ್ಚು ಇವುಗಳ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಇಟ್ಟಿದ್ದೇನೆ. ಇಂಗ್ಲಿಷಿನ ವರದಿಯನ್ನು ಒಬ್ಬಳೇ ಓದಿ ತಿಳಿಯಲು ಇನ್ನೂ ಕಲಿಯಬೇಕು.”

ಬರೆದಾದ ಮೇಲೆ ಪ್ರತಿ ಗುಂಪಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಮೇಲಿನ ಚೀಟಿಯಲ್ಲಿ ತಾರೀಖು ಬರೆದು, ಮಳೆಗಾಲದಲ್ಲಿ ಬೂಸರು ಹಿಡಿಯದಂತೆ ಡಬ್ಬಿಯಲ್ಲಿಡಿ. ಮಕ್ಕಳಿಗೆ ಜೂನಿನಲ್ಲಿ ಶಾಲೆ ತೆರೆಯುವ ಮೊದಲಿನ ವಾರ, ದೊಡ್ಡವರಿಗೆ ಪತ್ತನಾಜೆ ಕಳೆದು ಮಳೆ ಹಿಡಿಯುವ ದಿನಗಳು ಡಬ್ಬಿ ತೆರೆಯಲು ಅನುಕೂಲ. ಆಗ ಹಳೆಯ ಗುಂಪುಗಳನ್ನು ಮುಟ್ಟುವ ಮೊದಲು ಆ ವರ್ಷದ ಹೊಸ ಚೀಟಿಗಳನ್ನು ಬರೆದು ಮುಗಿಸಿ. ಅನಂತರ ಒಂಟಿ ಚೀಟಿಗಳನ್ನು ಮೊದಲು ತೆಗೆದು, ಅವುಗಳಿಗೆ ಜೊತೆ ಬಂದಿದೆಯೇ ಎಂದು ನೋಡಿ.